ಅದರ ಕಾಲು ಹೇಗಿದೆ?

ಜನವರಿ 9

ಗಂಡನನ್ನ ಬಿಟ್ಟು ತಂಗಿ ಮನೆ ಸೇರಿಕೊಂಡಿರೋ ಶ್ರೀಮತಿಯವರಿಗೆ,

ಗಂಡ ಅನ್ನೋ ಪ್ರಾಣಿ ಮಾಡೋ ನಮಸ್ಕಾರ.

ಮೊನ್ನೆ ಫೋನಲ್ಲಿ ನೀನು ‘ನಿಮ್ಮ ತಮಾಷೆ ಕೇಳಿ ಕೇಳಿ ನನಗೆ ಸಾಕಾಗಿದೆ, ಹೇಳೋದೇನಾದ್ರೂ ಇದ್ರೆ ಕಾಗದ ಬರೀರಿ’ ಅಂತ ಪಟ್ ಅಂತ ಇಟ್ಟುಬಿಟ್ಟೆ. ಆಮೇಲೆ ಎಷ್ಟು ಸಲ ಮಾಡಿದ್ರೂ ಎತ್ತಲ್ಲ. ಸರಿ, ಕಾಗದ. ನಾಲ್ಕನೇ ಕ್ಲಾಸಲ್ಲಿ ಮೇಷ್ಟ್ರು ನನ್ನ ಅಕ್ಷರ ನೋಡಿ, ‘ಕಾಗೆ ಕೆಸರು ತುಳಿದು ಬಂದು ಪುಸ್ತಕದ ಮೇಲೆ ನಡೆದಂಗಿದೆ ಕಣೋ’ ಅಂದಿದ್ರು. ಅವತ್ತು ಬಿಟ್ಟ ಪೆನ್ನು, ಇವತ್ತು ನಿನಗೋಸ್ಕರ ಹಿಡಿದಿದ್ದೀನಿ. ಕತ್ತರಿ ಹಿಡಿಯೋ ಕೈಗೆ ಪೆನ್ನು ನಿಲ್ಲಲ್ಲ, ಸಹಿಸಿಕೋ.

ತಂಗಿಗೆ ಸೊಂಟದ ಆಪರೇಷನ್ನು, ಹದಿನೈದು ದಿನ ಇದ್ದು ಬರ್ತೀನಿ ಅಂತ ಹೋದವಳು ನೀನು. ಎರಡು ತಿಂಗಳಾಯ್ತು. ಯಾವಾಗ ಬರ್ತೀಯೇ ಅಂದ್ರೆ ‘ನೋಡೋಣ’ ಅಂತೀಯ. ಏನನ್ನ ನೋಡೋದು? ಜಗಳ ಆಡಿದ್ವಾ? ಇಲ್ಲ. ನಾನು ತಟ್ಟೆ ಎಸೆದ್ನಾ? ಇಲ್ಲ. ನನ್ನ ತಲೆ ಕೆಟ್ಟು ಕೆರ ಹಿಡಿದುಹೋಗಿದೆ. ಊರಿನವರ ತಲೆಯನ್ನೆಲ್ಲ ಸರಿ ಮಾಡೋ ನನ್ನ ತಲೆ ನೋಡೋರೇ ಇಲ್ಲ.

ಇಲ್ಲಿ ಎಲ್ಲ ಕ್ಷೇಮ. ಅಂಗಡಿ ನಡೀತಿದೆ. ಅಡುಗೆ ನಾನೇ ಮಾಡ್ಕೋತೀನಿ. ನಿನ್ನೆ ಮಾಡಿದ್ದಕ್ಕೆ ಏನಂತ ಹೆಸರಿಡೋದು ಅಂತ ಇನ್ನೂ ತೀರ್ಮಾನ ಆಗಿಲ್ಲ. ಹಿತ್ತಲ ಕಡೆ ಯಾವತ್ತಾದ್ರೂ ಹೋಗ್ತೀರಾ ಅಂತ ಕೇಳಿದ್ಯಲ್ಲ, ಹೋಗ್ತೀನಿ. ನೀನು ಊಟ ಹಾಕ್ತಿದ್ಯಲ್ಲ ಹಕ್ಕಿ, ಅದೂ ಕ್ಷೇಮ. ದಿನಾ ಬರುತ್ತೆ. ತಪ್ಪದೆ ಹಾಕ್ತಿದ್ದೀನಿ. ಯೋಚನೆ ಬೇಡ.

ಇಂತಿ,
ನಿನ್ನ ಗಂಡ (ಇನ್ನೂ ಆ ಕೆಲಸದಲ್ಲೇ ಇದ್ದೀನಿ ಅಂದ್ಕೊಂಡಿದ್ದೀನಿ)


ಜನವರಿ 17

ರೀ,

ಕಾಗದ ಬಂತು. ತಂಗಿ ಕೋಲು ಹಿಡ್ಕೊಂಡು ನಾಲ್ಕು ಹೆಜ್ಜೆ ಹಾಕ್ತಿದ್ದಾಳೆ. ನಾನು ಚೆನ್ನಾಗಿದ್ದೀನಿ.

ಹಕ್ಕಿ ದಿನಾ ಬರುತ್ತೆ ಅಂತ ಬರೆದಿದ್ದೀರಿ. ಆ ಸಾಲು ನಾಲ್ಕೈದು ಸಲ ಓದಿದೆ. ನಿಜವಾಗ್ಲೂ ಬರುತ್ತಾ? ಯಾವತ್ತಿಂದ?

ಅದರ ಕಾಲು ಹೇಗಿದೆ?


ಜನವರಿ 21

ಏ ಇವಳೇ,

ಎರಡು ತಿಂಗಳಿಂದ ಬಿಟ್ಟು ಹೋಗಿರೋ ಗಂಡನ ಮೈ ಹೇಗಿದೆ ಅಂತ ಕೇಳಲ್ಲ, ಹಕ್ಕಿ ಕಾಲು ಕೇಳ್ತೀಯ! ಕಾಲು ಚೆನ್ನಾಗಿದೆ. ಎರಡೂ ಇವೆ. ಇವತ್ತು ಬೆಳಿಗ್ಗೆ ಎಣಿಸಿದೆ.

ಯಾವತ್ತಿಂದ ಅಂದ್ರೆ ಏನರ್ಥ? ಮೊದಲಿಂದಲೂ ಬರ್ತಾನೇ ಇದೆ. ನಿನ್ನ ಕಾಗದ ಹಿಂದೆ ಮುಂದೆ ತಿರುಗಿಸಿ ನೋಡಿದೆ, ಬೇರೆ ಎಲ್ಲಾದ್ರೂ ಸಮಾಚಾರ ಬರೆದಿದ್ದೀಯ ಅಂತ. ಏನೂ ಇಲ್ಲ. ತಲೆಬುಡ ಅರ್ಥ ಆಗ್ಲಿಲ್ಲ.

ನಿನಗೆ ನಂಬಿಕೆ ಬರ್ಲಿ ಅಂತ ಒಂದು ಉಪಾಯ ಮಾಡಿದ್ದೀನಿ. ಎದುರುಗಡೆ ಸ್ಟುಡಿಯೋದವನು ಹಳೇ ಕ್ಯಾಮೆರಾ ಒಂದು ಕೊಟ್ಟಿದ್ದಾನೆ. ‘ಅಣ್ಣಾ, ಈ ಗುಂಡಿ ಒತ್ತು, ಬೇರೆ ಯಾವುದನ್ನೂ ಮುಟ್ಟಬೇಡ’ ಅಂದ. ಮುಟ್ಟಿಲ್ಲ. ಇದರ ಜೊತೆ ಫೋಟೋ ಇಟ್ಟಿದ್ದೀನಿ. ನಮ್ಮ ಹಿತ್ತಲ ಗೋಡೆ ಮೇಲೆ ನಿನ್ನ ಹಕ್ಕಿ, ಹೆಂಗೆ ಕೂತಿದೆ ನೋಡು, ವಸೂಲಿಗೆ ಬಂದೋನ ಹಂಗೆ.

ಇಂತಿ,
ಫೋಟೋಗ್ರಾಫರ್ ಗಂಡ


ಜನವರಿ 30

ಮಹಾರಾಣಿಯವರಿಗೆ,

ನಿನ್ನ ಉತ್ತರ ಬರ್ಲಿಲ್ಲ. ಆ ಫೋಟೋದ ಇನ್ನೊಂದು ಪ್ರತಿ ನಾನೂ ಇಟ್ಕೊಂಡಿದ್ದೆ, ಸ್ಟುಡಿಯೋದವನಿಗೆ ತೋರಿಸಿದೆ. ‘ಅಣ್ಣಾ, ಇದು ಕಾಗೆ. ಕಾಗೆ ಫೋಟೋ ಕಳಿಸಿ ಹೆಂಡ್ತೀನ ವಾಪಸ್ ಕರೆಸ್ತೀಯಾ?’ ಅಂತ ಬಿದ್ದು ಬಿದ್ದು ನಕ್ಕ. ನನಗೇನು ಗೊತ್ತಿರಲಿಲ್ವಾ? ತಮಾಷೆಗೆ ಕಳಿಸಿದ್ದು.

ಈಗ ನಿಜವಾದದ್ದು. ಎರಡು ಫೋಟೋ ಇವೆ. ಒಂದು ಪಾರಿವಾಳ, ಇನ್ನೊಂದು ಗುಬ್ಬಿ. ಈ ಎರಡರಲ್ಲಿ ನಿನ್ನದು ಯಾವುದು ಅಂತ ನನಗೆ ಗೊತ್ತು. ನಿನಗೆ ನೆನಪಿದೆಯಾ ನೋಡೋಣ, ಹೇಳು.

ಹಕ್ಕಿ ಫೋಟೋ ತೆಗೆಯೋದು ಸುಲಭ ಅಂದ್ಕೋಬೇಡ. ಹಿತ್ತಲಿಗೆ ಕಾಲಿಟ್ರೆ ಪುರ್ರ್. ಬಾಗಿಲ ಸಂದಿಯಿಂದ ಮೂಗು ತೂರಿಸಿದ್ರೂ ಪುರ್ರ್. ಮೂರು ದಿನ ಬರೀ ಬಾಲಗಳು ಸಿಕ್ಕಿದ್ವು. ಆಮೇಲೆ ಹೊಳೀತು. ಗಿರಾಕಿಗೆ ನೊರೆ ಹಚ್ಚುತ್ತಾ ನಿಂತಿದ್ದೆ. ಅಂಗಡಿ ಹಿಂಬಾಗಿಲು ತೆರೆದಿತ್ತು. ಎದುರಿನ ದೊಡ್ಡ ಕನ್ನಡಿ ಒಳಗೆ ನಮ್ಮ ಹಿತ್ತಲು ಪೂರ್ತಿ ಕಾಣ್ತಿದೆ ಕಣೇ! ಬಚ್ಚಲ ಗೋಡೆ, ಕಿಟಕಿ ಕಟ್ಟೆ, ನಲ್ಲಿ, ಎಲ್ಲ. ಕಟ್ಟೆ ಮೇಲೆ ಹಕ್ಕಿ ಆರಾಮಾಗಿ ಕೂತಿದೆ. ನನ್ನ ಬೆನ್ನು ಅದರ ಕಡೆ ಇದೆಯಲ್ಲ, ಇವನು ನನ್ನನ್ನ ನೋಡ್ತಿಲ್ಲ ಅಂತ ಅದರ ಲೆಕ್ಕ. ನಾನು ಕನ್ನಡಿಗೇ ಕ್ಯಾಮೆರಾ ಹಿಡಿದು ಒತ್ತಿದೆ. ಬಂತು!

ಅವತ್ತಿಂದ ಎಲ್ಲ ಕನ್ನಡಿಯಲ್ಲೇ ತೆಗೀತೀನಿ. ಕತ್ತರಿ ಪಕ್ಕ ಕ್ಯಾಮೆರಾ. ಗುಬ್ಬಿ ಫೋಟೋ ಮೂಲೆಯಲ್ಲಿ ಬೆಳ್ಳಗೆ ಕಾಣೋದು ಗಿರಾಕಿಯ ನೊರೆ ಹಚ್ಚಿದ ಗಡ್ಡ. ಪಾಪ, ಗುಬ್ಬಿ ಹೋಗೋವರೆಗೂ ಅಲ್ಲಾಡದೆ ಕೂತಿದ್ರು. ‘ಏನಪ್ಪಾ, ನನ್ನ ಗಡ್ಡ ಇವತ್ತು ಮುಗಿಯುತ್ತಾ?’ ಅಂದ್ರು. ‘ಸುಮ್ನಿರಿ ಸಾರ್, ನನ್ನ ಸಂಸಾರದ ಪ್ರಶ್ನೆ’ ಅಂದೆ.

ತಮಾಷೆಗೆ ಅಂದ ಮಾತು. ಆದ್ರೆ ಅಂದಮೇಲೆ ಯಾಕೋ ನೊರೆ ಹಚ್ಚಿದ ಕೆನ್ನೆಗೇ ಮತ್ತೆ ನೊರೆ ಹಚ್ಚಿಬಿಟ್ಟೆ.

ಇಂತಿ,
ನಿನ್ನವ


ಫೆಬ್ರವರಿ 8

ರೀ,

ಮೂರು ಫೋಟೋನೂ ಬಂದ್ವು. ಅದು ಇವುಗಳಲ್ಲಿ ಯಾವುದೂ ಅಲ್ಲ.

ಅದು ಮೈನಾ. ಕಣ್ಣ ಸುತ್ತ ಹಳದಿ ಇರುತ್ತೆ. ಎಡಗಾಲು ಊರಲ್ಲ, ಹೊಟ್ಟೆ ಕೆಳಗೆ ಮಡಚಿಕೊಂಡು ಒಂದೇ ಕಾಲಲ್ಲಿ ಕುಪ್ಪಳಿಸುತ್ತೆ. ದಿನಾ ಊಟ ಹಾಕೋರಿಗೆ ಇದು ಗೊತ್ತಿರಬೇಕಿತ್ತು.

ಯಾವುದರಲ್ಲಿ ಹಾಕ್ತೀರಿ?

ಹಿತ್ತಲ ನಲ್ಲಿ ಜಾಗ ಬದಲಾಯಿಸಿದ್ದೀರಾ? ಗುಬ್ಬಿ ಫೋಟೋದಲ್ಲಿ ಕಿಟಕಿಯ ಈ ಕಡೆ, ಬಲಕ್ಕೆ ಇದೆ. ನನಗೇ ಮರೆತುಹೋಯ್ತೋ ಏನೋ. ಮನೆ ಬಿಟ್ಟು ಬಂದು ಇಷ್ಟು ದಿನ ಆಯ್ತು, ಯಾವುದು ಎಲ್ಲಿತ್ತು ಅನ್ನೋದೇ ಕಲಸಿಹೋಗಿದೆ.


ಫೆಬ್ರವರಿ 12

ಏ ಇವಳೇ,

ನಲ್ಲಿ ಇದ್ದಲ್ಲೇ ಇದೆ, ಸೋರೋದೂ ಬಿಟ್ಟಿಲ್ಲ. ನಿನಗೇನಾಗಿದೆ? ಇಪ್ಪತ್ತಾರು ವರ್ಷ ನೀರು ಹಿಡಿದ ನಲ್ಲಿ ಮರೆತ್ರೆ ನಾಳೆ ನನ್ನ ಮುಖವನ್ನೂ ಮರೀತೀಯ. ಫೋಟೋ ಕಳಿಸ್ಲಾ?

ತಟ್ಟೆಯಲ್ಲಿ ಹಾಕ್ತೀನಿ. ಸ್ಟೀಲ್ ತಟ್ಟೆ, ತೊಳೆದು.

ಮೈನಾ ಅಂತ ನನಗೆ ಗೊತ್ತಿಲ್ವಾ? ನಿನ್ನನ್ನ ಪರೀಕ್ಷೆ ಮಾಡಿದೆ. ನಿನ್ನೆ ಕೂಡ ಬಂದಿತ್ತು. ಎಡಗಾಲು ನೀನು ಹೇಳಿದಂಗೇ ಮಡಚಿಕೊಂಡಿತ್ತು. ಬ್ರೆಡ್ಡು ತಿಂತು, ನೀರು ಕುಡೀತು, ‘ಅಮ್ಮಾವ್ರು ಎಲ್ಲಿ’ ಅನ್ನೋ ಥರ ಮನೆ ಕಡೆ ನೋಡ್ತು. ಕ್ಯಾಮೆರಾ ಎತ್ತೋಷ್ಟರಲ್ಲಿ ಹಾರಿಹೋಯ್ತು. ಇನ್ನೊಂದು ಸಲ ಹಿಡೀತೀನಿ.

ನೋಡು, ಹಕ್ಕಿನೂ ಕಾಯ್ತಿದೆ. ಈಗಲಾದ್ರೂ ಬಾ. ಈ ಭಾನುವಾರ ಬರ್ತೀಯಾ?

ಇಂತಿ,
ಕಾಯ್ತಿರೋ ಇನ್ನೊಂದು ಪ್ರಾಣಿ


ಫೆಬ್ರವರಿ 20

ರೀ,

ನಿಮ್ಮ ಕಾಗದ ಬಂದು ಐದು ದಿನ ಆಯ್ತು. ಎರಡು ಸಲ ಬ್ಯಾಗಿಗೆ ಬಟ್ಟೆ ತುಂಬಿದೆ, ಎರಡು ಸಲ ತೆಗೆದಿಟ್ಟೆ. ತಂಗಿ, ‘ಅಕ್ಕಾ, ಹೋಗೋದಾದ್ರೆ ಹೋಗು, ಇರೋದಾದ್ರೆ ಇರು, ಆ ಬ್ಯಾಗಿನ ಜಿಪ್ಪು ಕಿತ್ತುಹೋಗುತ್ತೆ’ ಅಂತ ಬೈದಳು. ನನಗೇ ತಿಳೀತಿಲ್ಲ, ಅದಕ್ಕೆ ಎಲ್ಲ ಬರೆದುಬಿಡ್ತೀನಿ.

ನೀವು ಒಂದು ದಿನವೂ ಊಟ ಹಾಕಿಲ್ಲ ಅಂತ ನನಗೆ ಗೊತ್ತು. ಗುಬ್ಬಿ ಕೂತಿರೋ ಫೋಟೋ ತೆಗೆದು ನೋಡಿ. ಗುಬ್ಬಿ ಬಿಡಿ, ಅದರ ಹಿಂದೆ ನೋಡಿ. ಕಿಟಕಿ ಕಟ್ಟೆ ಮೇಲೆ ಒಂದು ಬಟ್ಟಲು ಕವುಚಿಟ್ಟಿದೆ. ಅಂಚು ಒಡೆದಿದೆ ಅಂತ ನೀವು ಎಸೆದ ನೊರೆ ಬಟ್ಟಲು. ಮೂರು ವರ್ಷದಿಂದ ಮೈನಾಗೆ ಅದರಲ್ಲೇ ಹಾಕ್ತಿದ್ದೆ. ಕವುಚಿಟ್ಟಿದ್ದು ನಾನೇ. ಪಾರಿವಾಳದ ಫೋಟೋದಲ್ಲೂ ಹಂಗೇ ಇದೆ. ನೀವು ಹಕ್ಕಿ ನೋಡಿ ಗುಂಡಿ ಒತ್ತಿದ್ದೀರಿ, ಬಟ್ಟಲು ನೋಡಿಲ್ಲ.

ಯಾಕೆ ಕವುಚಿದೆ ಅಂತಾನೂ ಹೇಳ್ತೀನಿ. ನಾನು ಇಲ್ಲಿಗೆ ಬರೋ ಮೊದಲೇ ಅದು ಬರೋದು ನಿಲ್ಲಿಸಿತ್ತು. ಒಂದು ದಿನ ಬರ್ಲಿಲ್ಲ, ಎರಡು ದಿನ ಬರ್ಲಿಲ್ಲ. ಹನ್ನೊಂದನೇ ದಿನ ಅಂಗಡಿ ಹಿಂಬಾಗಿಲಿಗೆ ಬಂದು, ‘ರೀ, ಮೈನಾ ಬರ್ತಾನೇ ಇಲ್ಲ’ ಅಂದೆ. ನೀವು ಯಾರಿಗೋ ಕಟಿಂಗ್ ಮಾಡ್ತಾ, ‘ಬೇರೆ ಹೋಟೆಲ್ ಸಿಕ್ಕಿರಬೇಕು ಬಿಡೇ, ನಿನ್ನ ಕೈ ಅಡುಗೆ ಅದು ತಾನೇ ಎಷ್ಟು ದಿನ ತಿನ್ನುತ್ತೆ? ನನಗಾದ್ರೆ ರೆಕ್ಕೆ ಇಲ್ಲ!’ ಅಂದ್ರಿ. ಅಂಗಡಿಯಲ್ಲಿ ಕೂತಿದ್ದ ನಾಲ್ಕು ಜನ ನಕ್ಕರು. ನಾನೂ ನಕ್ಕೆ. ಒಳಗೆ ಬಂದು ಬಟ್ಟಲು ಕವುಚಿಟ್ಟೆ. ಯಾಕೆ ಕವುಚಿದೆ ಅಂತ ನೀವು ಯಾವತ್ತಾದ್ರೂ ಕೇಳ್ತೀರಿ ಅಂದ್ಕೊಂಡೆ. ನೀವು ಆ ಕಡೆ ಹೋಗಲೇ ಇಲ್ಲ.

ಹಕ್ಕಿಗೋಸ್ಕರ ಗಂಡನ ಮೇಲೆ ಮುನಿಸಾ ಅಂತ ನಗ್ತೀರೇನೋ. ಆ ಮನೆಯಲ್ಲಿ ನಾನು ಮಾತಾಡಿದ್ರೆ ತಲೆ ಓರೆ ಮಾಡಿ ಕೇಳ್ತಿದ್ದದ್ದು ಅದೊಂದೇ. ನಿಮಗೆ ಏನು ಹೇಳಿದ್ರೂ ನಗು ಬರೋ ಹಂಗೆ ಮಾಡಿ ವಾಪಸ್ ಕೊಡ್ತೀರಿ. ನಗು ಬರುತ್ತೆ, ಸುಳ್ಳಲ್ಲ. ಆದ್ರೆ ನಾನು ಹೇಳಿದ ಮಾತು ಎಲ್ಲಿಗೆ ಹೋಯ್ತು ಅಂತಾನೇ ತಿಳಿಯಲ್ಲ.

ಅದು ಸತ್ತುಹೋಯ್ತು ಅಂದ್ಕೊಂಡಿದ್ದೆ. ಈಗ ನೀವು ಬರುತ್ತೆ ಅಂತೀರಿ. ಊಟ ಹಾಕಿದ್ದು ಸುಳ್ಳು, ಗೊತ್ತು. ಅದು ಬಂದಿದ್ದೂ ಸುಳ್ಳಾ? ಅಥವಾ ಅದೊಂದು ಮಾತ್ರ ನಿಜಾನಾ? ನನಗೆ ಗೊತ್ತಾಗ್ತಿಲ್ಲ ರೀ. ಹೌದು ಅಥವಾ ಇಲ್ಲ, ಒಂದು ಬರೀರಿ. ನಗಿಸಬೇಡಿ.


ಮಾರ್ಚ್ 6

ಇವಳೇ,

ಈ ಕಾಗದ ನಾಲ್ಕು ಸಲ ಬರೆದೆ. ಮೂರು ಸಲ ತಮಾಷೆ ತಾನಾಗೇ ಬಂದು ಕೂತ್ಕೊಳ್ತು. ಹರಿದು ಹಾಕಿದೆ. ಅದಕ್ಕೇ ತಡ.

ಇಲ್ಲ. ಅದು ಬಂದಿಲ್ಲ. ನಾನು ಒಂದು ದಿನವೂ ಊಟ ಹಾಕಿಲ್ಲ. ಅದು ಮೈನಾ ಅಂತಾನೇ ಗೊತ್ತಿರಲಿಲ್ಲ. ನೀನು ಖುಷಿಯಾಗಿ ಬೇಗ ಬರ್ತೀಯ ಅಂತ ಬಾಯಿಗೆ ಬಂದಿದ್ದು ಬರೆದೆ.

ನಿನ್ನ ಕಾಗದ ಓದಿದ ಮೇಲೆ ಫೋಟೋಗಳನ್ನ ತೆಗೆದು ನೋಡಿದೆ. ಬಟ್ಟಲು ಎಲ್ಲದರಲ್ಲೂ ಇದೆ. ಅಷ್ಟು ದೊಡ್ಡದಾಗಿ ಕಾಣುತ್ತೆ! ಹೆಂಗೆ ನೋಡ್ಲಿಲ್ಲ ನಾನು? ನಾಲ್ಕು ಕೂದಲು ಹೆಚ್ಚು ಕಮ್ಮಿ ಆದ್ರೆ ಗೊತ್ತಾಗೋ ಕಣ್ಣು ಇದು.

ಅವತ್ತು ಹೋಟೆಲ್ ಮಾತು ಆಡಿದ್ದು ನನಗೆ ನೆನಪೇ ಇಲ್ಲ. ಎಷ್ಟು ಯೋಚನೆ ಮಾಡಿದ್ರೂ ಬರಲ್ಲ. ಆದ್ರೆ ಆಡಿರ್ತೀನಿ. ನನ್ನ ಬಾಯಿ ಥರಾನೇ ಇದೆ. ಒಂದು ಮಾತ್ರ ನೆನಪಾಗುತ್ತೆ. ನೀನು ಹಿಂಬಾಗಿಲಲ್ಲಿ ಸೆರಗು ಹಿಡ್ಕೊಂಡು ನಿಂತಿರೋದು. ಅದನ್ನ ಕನ್ನಡಿಯಲ್ಲಿ ನೋಡಿದ್ದೀನಿ. ತಿರುಗಿ ನೋಡಿಲ್ಲ. ನೀನು ಏನು ಹೇಳೋಕೆ ಬಂದ್ರೂ ನಾನು ಕನ್ನಡಿಯಲ್ಲೇ ನೋಡಿ ಕನ್ನಡಿಗೇ ಉತ್ತರ ಹೇಳಿದ್ದೀನಿ ಅನ್ಸುತ್ತೆ. ಇಪ್ಪತ್ತಾರು ವರ್ಷ.

ಬಟ್ಟಲು ಎತ್ತಿದೆ. ಅಡಿಯಲ್ಲಿ ಒಂದು ಜೇಡ ಸಂಸಾರ ಹೂಡಿತ್ತು. ಅದನ್ನ ಗೋಡೆಗೆ ಬಿಟ್ಟು, ಬಟ್ಟಲು ತೊಳೆದು, ಬ್ರೆಡ್ಡು ನೆನೆಸಿ ಹಾಕಿದೆ. ಮೂರು ದಿನ ಅಂಗಡಿಗೆ ಬೀಗ ಹಾಕಿ ಹಿತ್ತಲಲ್ಲಿ ಕೂತೆ. ಸ್ಟುಡಿಯೋದವನು ‘ಅಣ್ಣಾ, ಮೈ ಸರಿ ಇಲ್ವಾ?’ ಅಂತ ಕೇಳ್ಕೊಂಡು ಬಂದ. ಇವಳ ಹಕ್ಕಿಗೆ ಕಾಯ್ತಿದ್ದೀನಿ ಅಂದೆ. ನಾನು ತಮಾಷೆ ಮಾಡ್ತಿದ್ದೀನಿ ಅಂದ್ಕೊಂಡು ನಕ್ಕ. ನಾನು ನಗಲಿಲ್ಲ. ಅವನೂ ಪಕ್ಕದಲ್ಲಿ ಕೂತು ಬಟ್ಟಲು ನೋಡಿ, ಆಮೇಲೆ ಎದ್ದು ಹೋದ.

ನಾನು ಕೂತಿದ್ದಕ್ಕೋ ಏನೋ, ಒಂದೂ ಬರ್ಲಿಲ್ಲ. ನಾಲ್ಕನೇ ದಿನ ಅಂಗಡಿ ತೆಗೆದೆ. ಹಿಂಬಾಗಿಲು ತೆರೆದಿಟ್ಟು ಕನ್ನಡಿಯಲ್ಲೇ ನೋಡ್ತಾ ಕೆಲಸ ಮಾಡಿದೆ. ಆಮೇಲೆ ಮೈನಾಗಳು ಬರೋಕೆ ಶುರುವಾದ್ವು. ದಿನಾ ಬರ್ತವೆ. ಒಂದೊಂದನ್ನೂ ಕಾಲು ನೋಡಿದ್ದೀನಿ ಕಣೇ. ಎಲ್ಲ ಎರಡು ಕಾಲಲ್ಲಿ ಯಜಮಾನರ ಹಂಗೆ ನಡೆದಾಡ್ತವೆ. ಒಂದೇ ಒಂದು ಕುಂಟೋದು ಇದೆ, ಅದು ಎಲ್ಲ ಹೋದಮೇಲೆ ಒಂಟಿಯಾಗಿ ಬರುತ್ತೆ. ಮೊದಲ ಸಲ ಕಂಡಾಗ ಗಿರಾಕಿ ಕಿವಿ ಹತ್ರ ಬ್ಲೇಡು ತಾಗಿಬಿಡ್ತು, ನೋಡು. ಆದ್ರೆ ಇದು ಬಲಗಾಲು ಮಡಚೋದು. ಎಂಟು ದಿನ ನೋಡಿದೆ, ಎಂಟು ದಿನವೂ ಬಲಗಾಲೇ. ನಿನ್ನದು ಎಡಗಾಲು ಅಂದಿದ್ದೀಯ. ಹಾಗಾಗಿ ಇದು ಬೇರೆ.

ಎಡಗಾಲು ಅಂತ ಬರೆದುಬಿಡೋಣ ಅಂತ ಒಂದು ಸಲ ಅನ್ನಿಸ್ತು. ಹರಿದು ಹಾಕಿದ ಒಂದು ಕಾಗದದಲ್ಲಿ ಬರೆದೂ ಇದ್ದೆ. ಬೇಡ. ಸುಳ್ಳು ಹೇಳಿ ಕರೆಸಿದ್ರೆ, ಬಂದ ದಿನ ನೀನು ಮೊದಲು ಹಿತ್ತಲಿಗೇ ಹೋಗ್ತೀಯ.

ಆ ಕುಂಟು ಮೈನಾದ ಫೋಟೋ ಇಟ್ಟಿದ್ದೀನಿ. ನಿನ್ನದು ಅಂತ ಅಲ್ಲ. ಬಟ್ಟಲು ಎತ್ತಿದ್ದೀನಿ ಅಂತ ನೀನು ನೋಡ್ಲಿ ಅಂತ. ನಿನ್ನ ಹಕ್ಕಿ ಎಲ್ಲಿ ಹೋಯ್ತೋ ನನಗೆ ಗೊತ್ತಿಲ್ಲ. ನೀನು ಬರ್ತೀಯೋ ಇಲ್ವೋ ಅದೂ ಗೊತ್ತಿಲ್ಲ. ಈ ಕುಂಟಂಗೆ ಮಾತ್ರ ತಪ್ಪದೆ ಹಾಕ್ತಿದ್ದೀನಿ. ಇದು ನಿಜ.

ನಿನ್ನ ಗಂಡ


ಮಾರ್ಚ್ 13

ರೀ,

ನಿಮ್ಮ ಕಾಗದ ಓದಿ ಮುಗಿಸಿ ಬ್ಯಾಗು ತೆಗೆದು ಬಟ್ಟೆ ತುಂಬಿದೆ. ಈ ಸಲ ವಾಪಸ್ ತೆಗೆದಿಡಲಿಲ್ಲ. ಫೋಟೋ ನೋಡಿದ್ದು ಆಮೇಲೆ. ಇದು ನಿಮಗೆ ಗೊತ್ತಿರಲಿ.

ಬಟ್ಟಲು ಕಂಡಿತು. ಬ್ರೆಡ್ಡು ಅಷ್ಟೊಂದು ಹಾಕಬಾರದು, ಅದು ಹಕ್ಕಿ, ಪೈಲ್ವಾನ ಅಲ್ಲ.

ಫೋಟೋ ಹಿಡ್ಕೊಂಡು ತುಂಬ ಹೊತ್ತು ಕೂತಿದ್ದೆ. ನಲ್ಲಿ ಮತ್ತೆ ಈ ಕಡೆಯೇ ಇದೆ. ನಮ್ಮನೆ ಹಿತ್ತಲಲ್ಲಿ ನಿಂತ್ರೆ ನಲ್ಲಿ ಕಿಟಕಿಯ ಎಡಕ್ಕೆ ಬರಬೇಕು. ನಿಮ್ಮ ಫೋಟೋದಲ್ಲಿ ಬಲಕ್ಕೆ ಬಂದಿದೆ. ನನ್ನ ತಲೆ ನೆಟ್ಟಗಿಲ್ಲ ಅಂದ್ಕೊಂಡೆ. ತಂಗಿಗೆ ತೋರಿಸಿದೆ. ‘ಭಾವ ಕನ್ನಡಿಯಲ್ಲಿ ತೆಗೀತಾರೆ ಅಂತ ನೀನೇ ಓದಿ ಹೇಳಿದ್ಯಲ್ಲಕ್ಕಾ’ ಅಂದಳು. ಎದ್ದು ಹೋಗಿ ಫೋಟೋನ ಬೀರುವಿನ ಕನ್ನಡಿಗೆ ಹಿಡಿದೆ. ನಲ್ಲಿ ಅದರ ಜಾಗಕ್ಕೆ ಬಂತು.

ಅದರ ಕಾಲೂ ಬಂತು.

ಕನ್ನಡಿ ಮುಂದೆ ನಿಂತೇ ಜೀವನ ಮಾಡಿದವರು ನೀವು. ನಲ್ಲಿ ಯಾಕೆ ಈ ಕಡೆ ಇದೆ ಅಂತ ನಾನು ಕೇಳಿದಾಗ ನಿಮಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ. ಎಂಟು ದಿನ ಕನ್ನಡಿಯಲ್ಲೇ ನೋಡಿದ್ರಿ. ಒಂದು ಸಲ ತಿರುಗಿ ನೋಡಬಾರದಾ ರೀ!

ತಲೆ ಓರೆ ಮಾಡಿದೆ ನೋಡಿ, ಅದು ಅದರ ಅಭ್ಯಾಸ. ಇಷ್ಟು ದಿನ ಎಲ್ಲಿತ್ತೋ, ಯಾಕೆ ಹೋಗಿತ್ತೋ. ಬೇರೆ ಹೋಟೆಲ್ಲೇ ಸಿಕ್ಕಿತ್ತೇನೋ, ಈಗ ಅಲ್ಲಿ ಅಡುಗೆ ಕೆಟ್ಟಿರಬೇಕು.

ತಂಗಿ ಈಗ ಕೋಲಿಲ್ಲದೆ ನಡೀತಾಳೆ. ಇಪ್ಪತ್ತೆರಡನೇ ತಾರೀಕು ಬೆಳಿಗ್ಗೆ ಬಸ್ಸು. ಮಧ್ಯಾಹ್ನ ಮೂರಕ್ಕೆ ಬರ್ತೀನಿ.


ಮಾರ್ಚ್ 17

ಇವಳೇ,

ಕಾಗದ ಸಿಕ್ಕಿತು. ಎರಡು ಸಲ ಓದಿ, ಒಂದು ಸಲ ಕನ್ನಡಿಗೆ ಹಿಡಿದೂ ನೋಡಿದೆ. ಅಕ್ಷರ ಎಲ್ಲ ತಿರುಗಾಮುರುಗಾ ಕಾಣ್ತು. ಸದ್ಯ, ನೀನು ಬರ್ತೀಯ ಅಂತ ಬರೆದಿರೋದು ನೆಟ್ಟಗೇ ಇದೆ.

ಕತ್ತರಿ ಇಟ್ಟು ಹಿಂಬಾಗಿಲ ಕಡೆ ಮೆಲ್ಲಗೆ ತಿರುಗಿದೆ. ಬಟ್ಟಲ ಹತ್ರ ಇತ್ತು. ಹಾರಲಿಲ್ಲ. ನಾನು ಅದನ್ನ ನೋಡಿದೆ, ಅದು ನನ್ನನ್ನ ನೋಡ್ತು. ಎಡಗಾಲು ಕಣೇ. ಎಡಗಾಲೇ. ಕ್ಯಾಮೆರಾ ಕುರ್ಚಿ ಮೇಲಿತ್ತು, ಎತ್ಕೊಳ್ಳೋಕೆ ಮನಸ್ಸಾಗಲಿಲ್ಲ. ಕೂತಿದ್ದ ಗಿರಾಕಿ ‘ಏನಾಯ್ತಪ್ಪಾ?’ ಅಂದ್ರು. ‘ನನ್ನ ಹೆಂಡ್ತಿ ಹಕ್ಕಿ ಬಂದಿದೆ ಸಾರ್’ ಅಂದೆ, ಅಷ್ಟೇ, ತಮಾಷೆ ಸೇರಿಸದೆ. ಅಂಗಡಿ ಇಟ್ಟಾಗಿನಿಂದ ಇದೇ ಮೊದಲು.

ಇಪ್ಪತ್ತೆರಡಕ್ಕೆ ಎರಡೂವರೆಗೇ ಬಸ್‌ಸ್ಟ್ಯಾಂಡಿಗೆ ಬಂದಿರ್ತೀನಿ. ಇಳಿದ ತಕ್ಷಣ ಎಡಗಡೆ ನೋಡು. ನನ್ನ ಎಡವೋ ನಿನ್ನ ಎಡವೋ ಅಂತ ಈಗ ನನಗೇ ಅನುಮಾನ ಬಂದುಬಿಟ್ಟಿದೆ.

ಎರಡೂ ಕಡೆ ನೋಡು.